ಹಗ್ಗಕ್ಕೆ ಕೊಟ್ಟ ಅಂಕ

ಮೊನ್ನೆ ಬೆಳಿಗ್ಗೆ ಚಂದಾಪುರದ ಕ್ಲಿನಿಕ್ಕಿನಲ್ಲಿ ನರ್ಸಮ್ಮ ನನ್ನ ತೋಳಿಗೆ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿ ಸವರಿದ್ದೇ ತಡ, ನಾನು ಅಲ್ಲಿಂದ ಎದ್ದು ಪೀಣ್ಯಕ್ಕೆ ಹೋಗಿಬಿಟ್ಟೆ. ದೇಹವೇನೋ ಸ್ಟೂಲಿನ ಮೇಲೇ ಇತ್ತು. ಕಣ್ಣು ಮಾತ್ರ ಎಲ್ಲೋ ನೆಟ್ಟಿದ್ದನ್ನು ಕಂಡು ಪಕ್ಕದಲ್ಲಿ ನಿಂತಿದ್ದ ನನ್ನ ಹೆಂಡತಿ ಶಾರದೆ, "ಅರವತ್ತು ದಾಟಿದ್ರೂ ಸೂಜಿ ಅಂದ್ರೆ ಇನ್ನೂ ಜೀವ ಬಾಯಿಗೆ ಬರುತ್ತಲ್ರೀ ನಿಮ್ಗೆ" ಎಂದಳು. ನರ್ಸಮ್ಮ ನಕ್ಕಳು. ನಾನೂ ನಕ್ಕೆ. ಸೂಜಿಗೆ ಹೆದರುವುದು ನಿಜವೇ, ಸುಳ್ಳೇಕೆ ಹೇಳಲಿ? ಆದರೆ ಆ ಹೊತ್ತು ನನ್ನನ್ನು ಹಿಡಿದುಕೊಂಡದ್ದು ಆ ಸ್ಪಿರಿಟ್ಟಿನ ವಾಸನೆ.

ಆ ವಾಸನೆಯಲ್ಲಿ ನಾನು ವರ್ಷಗಟ್ಟಲೆ ಬದುಕಿದ್ದೇನೆ. ನಿಮಗೆ ನೆನಪಿರಬಹುದು, ತೊಂಬತ್ತರ ದಶಕದಲ್ಲಿ ತರಬೇತಿ ಕೊಡುವವನ ಘನತೆಯೆಲ್ಲ ಒಂದು ಪ್ರೊಜೆಕ್ಟರಿನಲ್ಲಿತ್ತು. ಗಾಜಿನ ಕೆಳಗೆ ದೀಪ, ಮೇಲೆ ಕತ್ತು ಬಗ್ಗಿಸಿದ ಕನ್ನಡಿ. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೇಲೆ ಬಣ್ಣದ ಪೆನ್ನಿನಲ್ಲಿ ಬರೆದು ಆ ಗಾಜಿನ ಮೇಲಿಟ್ಟರೆ ಅಕ್ಷರ ಗೋಡೆ ತುಂಬ ಮೂಡುತ್ತಿತ್ತು. ಹಾಳೆ ದುಬಾರಿ, ಆದ್ದರಿಂದ ಪಾಠ ಮುಗಿದ ಮೇಲೆ ಸ್ಪಿರಿಟ್ ಹಾಕಿ ಒರೆಸಿ ಅದರಲ್ಲೇ ಇನ್ನೊಂದು ಪಾಠ ಬರೆಯಬೇಕು. ಬೆಳಿಗ್ಗೆ 'ಪ್ರಾಮಾಣಿಕತೆ' ಎಂದಿದ್ದ ಹಾಳೆಯಲ್ಲಿ ಮಧ್ಯಾಹ್ನ 'ಲಾಭ ಹೆಚ್ಚಿಸುವ ಏಳು ದಾರಿಗಳು' ಬರುತ್ತಿದ್ದವು. ಹಳೆಯದು ಪೂರ್ತಿ ಅಳಿಯುತ್ತಿರಲಿಲ್ಲ, ಹೊಸದರ ಹಿಂದೆ ಮಸುಕಾಗಿ ಕಾಣುತ್ತಿತ್ತು. ಅದರಿಂದ ಯಾರಿಗೂ ಏನೂ ತೊಂದರೆಯಾದ ಹಾಗೆ ಕಾಣಲಿಲ್ಲ.

ಸಂಸ್ಥೆಯ ಹೆಸರು ಬೇಡ ಬಿಡಿ. ತುಮಕೂರು ರಸ್ತೆಯಿಂದ ಒಳಕ್ಕೆ, ಪೀಣ್ಯದ ಲೇತ್ ಯಂತ್ರಗಳ ಕಿರ್ರೆನ್ನುವ ಸದ್ದು ಸ್ವಲ್ಪ ತಗ್ಗುವ ಕಡೆ ಇತ್ತು. ಕಾರ್ಖಾನೆಗಳ ಮ್ಯಾನೇಜರುಗಳಿಗೆ ಮ್ಯಾನೇಜ್ ಮಾಡುವುದು ಹೇಗೆಂದು ಅಲ್ಲಿ ಕಲಿಸುತ್ತಿದ್ದೆವು. ನನ್ನ ವಿಷಯ ನಾಯಕತ್ವ. ವಯಸ್ಸು ಇಪ್ಪತ್ತೊಂಬತ್ತು. ಅಲ್ಲಿಯವರೆಗೆ ನಾನು ಯಾರಿಗೂ ನಾಯಕನಾಗಿರಲಿಲ್ಲ. ರಾಜಾಜಿನಗರದ ಬಾಡಿಗೆ ಕೋಣೆಯಲ್ಲಿ ಜೊತೆಗಿದ್ದ ಸ್ನೇಹಿತ ಬೆಳಿಗ್ಗೆ ಸ್ನಾನಕ್ಕೆ ಮೊದಲು ಹೋಗುವ ಅವಕಾಶವನ್ನು ಕೂಡ ಒಂದು ದಿನವೂ ನನಗೆ ಬಿಟ್ಟುಕೊಟ್ಟವನಲ್ಲ. ಅದೇನೂ ಅಡ್ಡಿಯಾಗಲಿಲ್ಲ. ಈಜು ಕಲಿಸುವವನು ಯಾವತ್ತಾದರೂ ನೀರಿಗಿಳಿಯಲೇಬೇಕು, ನಾಯಕತ್ವ ಕಲಿಸುವವನಿಗೆ ಒಂದು ಟೈ ಇದ್ದರೆ ಸಾಕು. ನನ್ನ ಹತ್ತಿರ ಎರಡಿದ್ದವು.

ಇಂಥ ಸಂಸ್ಥೆಗೆ ಒಂದು ವರ್ಷ ನೌಕಾಪಡೆಯ ಹಿರಿಯ ಅಧಿಕಾರಿಗಳು ಬಂದರು. ಹಡಗು ನಡೆಸಿ, ನೂರಾರು ಜನರನ್ನು ಆಳಿ, ಇನ್ನೊಂದು ಮೆಟ್ಟಿಲು ಹತ್ತಬೇಕಾದವರಿಗೆ ಒಂದು ಉನ್ನತ ತರಬೇತಿ ಇರುತ್ತದಂತೆ. ಬಹುಪಾಲು ಅವರದೇ ಕಾಲೇಜಿನಲ್ಲಿ ನಡೆಯುತ್ತದೆ. ಕೊನೆಯ ಹತ್ತು ವಾರ ಮಾತ್ರ 'ಆಧುನಿಕ ನಿರ್ವಹಣೆ' ಕಲಿಯಲಿ ಎಂದು ಹೊರಗೆ ಕಳಿಸುತ್ತಾರೆ. ಆ ಹತ್ತು ವಾರ ಆ ಸಲ ನಮ್ಮ ಪಾಲಿಗೆ ಬಂತು, ಹೇಗೆ ಬಂತೋ ಆ ದೇವರಿಗೇ ಗೊತ್ತು. ಸಮುದ್ರ ಅಲ್ಲಿಂದ ಯಾವ ದಿಕ್ಕಿಗೆ ಹೋದರೂ ಒಂದು ದಿನದ ಹಾದಿ.

ಇದನ್ನು ಮೊದಲು ಎತ್ತಿ ಆಡಿದವನು ನಮ್ಮ ಅಟೆಂಡರ್ ಮುನಿರಾಜಣ್ಣ. ಅವನ ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೇ ಸಂಸ್ಥೆಯ ಕಟ್ಟಡ ಎದ್ದಿತ್ತು. ಬದಲಿಗೆ ಮನೆಗೊಂದು ಕೆಲಸ ಎಂದು ಇವನನ್ನು ಸೇರಿಸಿಕೊಂಡಿದ್ದರು. ತನ್ನದೇ ಹೊಲದಲ್ಲಿ ಖಾಕಿ ಹಾಕಿಕೊಂಡು ಟೀ ಹಂಚುತ್ತಿದ್ದ. "ಅಲ್ಲಾ ಸಾ, ಇಲ್ಲಿದ್ದ ಕೆರೇನೇ ಮುಚ್ಚಾಕವ್ರೆ. ಅಡಗಿನೋರು ಇಲ್ಲಿಗ್ ಬಂದು ಏನ್ ಕಲೀತಾರೆ?" ಎಂದು ಕೇಳಿದ. ನಾನು ನಾಯಕತ್ವಕ್ಕೆ ಭೂಗೋಳದ ಹಂಗಿಲ್ಲ ಎಂದು ಉತ್ತರಿಸಿದೆ. "ಔದಾ ಸಾ?" ಎಂದು ಲೋಟ ಎತ್ತಿಕೊಂಡು ಹೋದ.

ನಮ್ಮ ನಿರ್ದೇಶಕರಂತೂ ಮದುವೆ ಮನೆಯ ಯಜಮಾನರ ಹಾಗೆ ಓಡಾಡಿದರು. ಗೋಡೆಗೆಲ್ಲ ತಿಳಿನೀಲಿ ಬಣ್ಣ ಬಳಿಸಿದರು. ಬಾಗಿಲ ಮುಂದೆ ಒಂದು ಲಂಗರು ನಿಲ್ಲಿಸಬೇಕು ಎಂದು ಅವರಿಗೆ ಹೊಳೆಯಿತು. ಪೀಣ್ಯದಲ್ಲಿ ಕಬ್ಬಿಣದಿಂದ ಏನು ಬೇಕಾದರೂ ಮಾಡಿಕೊಡುವವರಿದ್ದರು, ಲಂಗರು ಕಂಡವರು ಮಾತ್ರ ಯಾರೂ ಇರಲಿಲ್ಲ. ನಿರ್ದೇಶಕರ ಮೊಮ್ಮಗಳ ಅಕ್ಷರಮಾಲೆ ಪುಸ್ತಕದ ಚಿತ್ರ ತೋರಿಸಿ ಮಾಡಿಸಿದ್ದಾಯಿತು. ಚೆನ್ನಾಗಿಯೇ ಮಾಡಿದ್ದರು. ನಿಲ್ಲಿಸಲು ಬಂದ ಗಾರೆಯವನಿಗೆ "ಗಟ್ಟಿಯಾಗಿ ಕೂರಿಸಪ್ಪ, ಅಲ್ಲಾಡಬಾರದು" ಎಂದಿದ್ದರು. ಅವನು ನಿಯತ್ತಿನ ಮನುಷ್ಯ. ಕೆಳಗಿನ ಕೊಕ್ಕೆಗಳೆರಡೂ ಪೂರ್ತಿ ಮುಚ್ಚುವಷ್ಟು ಕಾಂಕ್ರೀಟು ಸುರಿದುಬಿಟ್ಟ. ಮೇಲೆ ಉಳಿದದ್ದು ಒಂದು ಕಂಬ, ಅಡ್ಡಕ್ಕೊಂದು ಪಟ್ಟಿ, ತುದಿಗೊಂದು ಬಳೆ. ಅದಕ್ಕೆ ಬೆಳ್ಳಿ ಬಣ್ಣ ಬೇರೆ.

ಮೊದಲ ದಿನ ಬಸ್ಸಿನಿಂದ ಇಳಿದ ಇಪ್ಪತ್ತೆರಡು ಅಧಿಕಾರಿಗಳು ಬಿಳಿ ಬಟ್ಟೆಯಲ್ಲಿ ಅದನ್ನು ಸುತ್ತುವರಿದು ನಿಂತರು. ಅವರಲ್ಲೊಬ್ಬರು, ತೆಳ್ಳಗೆ, ನೆತ್ತಿ ಬೋಳಾದವರು, ನನ್ನ ಕಡೆ ತಿರುಗಿ ಅಪ್ಪಟ ರಾಣೆಬೆನ್ನೂರಿನ ಕನ್ನಡದಲ್ಲಿ ಕೇಳಿದರು: "ಬೋರಿಗೆ ನೀರು ಚೊಲೋ ಬಂದಾವೇನ್ರಿ?"

ಅವರೇ ಕ್ಯಾಪ್ಟನ್ ಮೆಣಸಿನಕಾಯಿ. ರಾಣೆಬೆನ್ನೂರಿನ ಪಕ್ಕದ ಹಳ್ಳಿಯವರು. ಅವರ ಮನೆತನದಲ್ಲಿ ಅದಕ್ಕೆ ಮುಂಚೆ ಯಾರಾದರೂ ಮಾಡಿದ್ದ ಅತಿದೊಡ್ಡ ನೌಕಾಯಾನವೆಂದರೆ ತುಂಗಭದ್ರೆಯನ್ನು ಹರಿಗೋಲಿನಲ್ಲಿ ದಾಟಿದ್ದು. ತಂಡದಲ್ಲಿ ಕನ್ನಡ ಬರುತ್ತಿದ್ದುದು ಅವರೊಬ್ಬರಿಗೇ, ಹಾಗಾಗಿ ನನಗೂ ಮುನಿರಾಜಣ್ಣನಿಗೂ ಹತ್ತಿರವಾದರು. ನನ್ನನ್ನು 'ಮಾಸ್ತರ್ರ' ಎಂದು ಕರೆಯುತ್ತಿದ್ದರು. ನನಗೆ ಒಳಗೊಳಗೇ ಬೇಸರ. 'ಸೀನಿಯರ್ ಫ್ಯಾಕಲ್ಟಿ' ಎಂದು ಕಾರ್ಡು ಮಾಡಿಸಿಕೊಂಡವನನ್ನು ಮಾಸ್ತರ ಎನ್ನುವುದೇ?

ಪಾಠಗಳು ಶುರುವಾದವು. ಆ ಜನಕ್ಕೆ ಒಂದು ಅಭ್ಯಾಸ, ಹೇಳಿದ ಹೊತ್ತಿಗೆ ಐದು ನಿಮಿಷ ಮೊದಲೇ ಬಂದು ಕೂತಿರುತ್ತಿದ್ದರು. ಸಮಯ ಪಾಲನೆ ಕಲಿಸಬೇಕಾಗಿದ್ದ ನಮ್ಮ ಹಿರಿಯ ಸಹೋದ್ಯೋಗಿ ಗೊರಗುಂಟೆಪಾಳ್ಯದಲ್ಲಿ ಲಾರಿಗಳ ನಡುವೆ ಸಿಕ್ಕಿಕೊಂಡು ಇಪ್ಪತ್ತೈದು ನಿಮಿಷ ತಡವಾಗಿ ಬಂದು, ಬೆವರು ಒರೆಸಿಕೊಳ್ಳುತ್ತಾ, "ಸಮಯವೆಂದರೆ ಏನು?" ಎಂಬ ಹಾಳೆಯನ್ನು ಪ್ರೊಜೆಕ್ಟರಿನ ಮೇಲಿಟ್ಟರು. ಒತ್ತಡ ನಿವಾರಣೆಯ ಪಾಠ ಮಾಡಿದ ಮೇಡಂ ಎಲ್ಲರಿಗೂ ಕಣ್ಣು ಮುಚ್ಚಿಸಿ, "ಈಗ ನೀವು ಸಮುದ್ರದ ಹತ್ತಿರ ಇದ್ದೀರಿ, ಸುತ್ತ ಬರೀ ನೀರು, ಮನಸ್ಸು ಹಗುರಾಗ್ತಿದೆ" ಎಂದರು. ಜಲಾಂತರ್ಗಾಮಿಯಲ್ಲಿ ಅರ್ಧ ಆಯುಷ್ಯ ಕಳೆದ ಒಬ್ಬರು ಕಣ್ಣು ಮುಚ್ಚಿಕೊಂಡೇ ಬಹಳ ವಿನಯದಿಂದ, ನೀರಿನ ಮೇಲೋ ಕೆಳಗೋ ಎಂದು ವಿಚಾರಿಸಿದರು. ನಿರ್ದೇಶಕರು ಪ್ರತಿ ಸೋಮವಾರ ಬಂದು ಒಂದು ಸಂಸ್ಥೆ ಹೇಗೆ ಹಡಗಿನಂತೆ ಎಂದು ಹಡಗಿನವರಿಗೆ ವಿವರಿಸುತ್ತಿದ್ದರು. ಅವರು ಬರೆದುಕೊಳ್ಳುತ್ತಿದ್ದರು. ಏನು ಬರೆದುಕೊಳ್ಳುತ್ತಿದ್ದರೋ, ಮನೆಗೆ ಕಾಗದವಿರಬೇಕು.

ನನ್ನ ಪಾಠದ ಕಿರೀಟ ಒಂದು ಆಟ. ಪರದೇಶದ ತರಬೇತಿ ಪುಸ್ತಕವೊಂದರಿಂದ ಎತ್ತಿಕೊಂಡದ್ದು. ಹಡಗು ಮುಳುಗುತ್ತಿದೆ, ನಿಮ್ಮ ಕೈಗೆ ಹನ್ನೆರಡು ಸಾಮಾನು ಸಿಕ್ಕಿವೆ. ನೀರಿನ ಕ್ಯಾನು, ಬಿಸ್ಕತ್ತಿನ ಡಬ್ಬ, ಟಾರ್ಚು, ನಕ್ಷೆ, ಹಗ್ಗ, ಕಂಬಳಿ, ಹೀಗೆ. ಯಾವುದು ಮುಖ್ಯ, ಯಾವುದು ಆಮೇಲೆ ಎಂದು ಒಂದರಿಂದ ಹನ್ನೆರಡರವರೆಗೆ ಬರೆಯಬೇಕು. ಪುಸ್ತಕದ ಕೊನೆಯ ಪುಟದಲ್ಲಿ ಸರಿಯುತ್ತರದ ಪಟ್ಟಿ ಇತ್ತು. ಅದಕ್ಕೆ ಎಷ್ಟು ಹತ್ತಿರವಿದ್ದೀರೋ ಅಷ್ಟು ಅಂಕ. ಸೋಪಿನ ಕಂಪನಿಯ ಒಬ್ಬ ಮಾರಾಟ ಮ್ಯಾನೇಜರ್ ಹನ್ನೆರಡಕ್ಕೆ ಹತ್ತು ಸರಿ ಬರೆದು ದಾಖಲೆ ಮಾಡಿದ್ದ. ಅವನು ಹತ್ತಿರದಿಂದ ಕಂಡಿದ್ದ ದೊಡ್ಡ ನೀರು ಸ್ಯಾಂಕಿ ಕೆರೆ.

ಈ ಆಟವನ್ನು ನಾನು ನೌಕಾಪಡೆಯವರಿಗೆ ಆಡಿಸಿದೆ. ನಗಬೇಡಿ. ಅಥವಾ ನಗಿ, ನನಗೇ ಈಗ ನಗು ಬರುತ್ತದೆ. ಆಡಿಸಬಾರದು ಎಂದು ಹೊಳೆಯಲೇ ಇಲ್ಲ. ಪಠ್ಯಕ್ರಮದಲ್ಲಿ ಏಳನೆಯ ವಾರ ಅದೇ ಬರೆದಿತ್ತು. ಎಲ್ಲರ ಉತ್ತರ ಸಂಗ್ರಹಿಸಿ, ಪಟ್ಟಿಯ ಜೊತೆ ತಾಳೆ ನೋಡಿದೆ. ಒಬ್ಬರಿಗೂ ಒಳ್ಳೆಯ ಅಂಕವಿಲ್ಲ. ಎಲ್ಲರಿಗಿಂತ ಕಡಿಮೆ ಕ್ಯಾಪ್ಟನ್ ಮೆಣಸಿನಕಾಯಿಯವರಿಗೆ. ಹಗ್ಗವನ್ನು ಅವರು ಮೊದಲನೆಯದಾಗಿ ಬರೆದಿದ್ದರು. ಪಟ್ಟಿಯಲ್ಲಿ ಅದು ಹನ್ನೊಂದನೆಯದು.

ತಪ್ಪು ಮಾಡಿದವರಿಗೆ ಕಾರಣ ವಿವರಿಸುವುದು ನನ್ನ ಪದ್ಧತಿ. "ಹಗ್ಗ ಯಾಕೆ ಸರ್ ಮೊದಲು?" ಎಂದೆ.

"ಮಂದೀನ ಕೂಡಿಸಿ ಕಟ್ಟಾಕ್ರಿ. ಚದುರಿದ್ರ ಆತು, ನೀರಿದ್ದೂ ಉಪಯೋಗಿಲ್ಲ, ಬಿಸ್ಕೀಟಿದ್ದೂ ಉಪಯೋಗಿಲ್ಲ."

"ಆದರೆ ಸರ್, ಹಗ್ಗಕ್ಕೆ ಪರ್ಯಾಯ ಇದೆ. ಬಟ್ಟೆ ಹರಿದು ಗಂಟು ಹಾಕಬಹುದು. ಪುಸ್ತಕದಲ್ಲಿ ಹಾಗಂತಲೇ ಇದೆ."

"ತೊಯ್ದ ಬಟ್ಟಿ ಹರಿಯಾಕ ಬೆರಳು ಬೇಕಲ್ರಿ ಮಾಸ್ತರ್ರ. ಒಂದು ತಾಸು ನೀರಾಗಿದ್ರ ಬೆರಳು ನಮ್ಮ ಮಾತು ಕೇಳಂಗಿಲ್ಲ."

ಆಗ ನಾನು ಟೈ ಸರಿಮಾಡಿಕೊಂಡು ಒಂದು ಮಾತು ಹೇಳಿದೆ. ಆ ಮಾತನ್ನು ನೆನೆದರೆ ಈಗಲೂ ಬಚ್ಚಲಲ್ಲಿ ಒಬ್ಬನೇ ಇದ್ದರೂ ತಲೆ ತಗ್ಗಿಸುತ್ತೇನೆ. "ಸರ್, ಅದು ನಿಮ್ಮ ಊಹೆ. ಇದು ಸಂಶೋಧನೆ" ಎಂದೆ, ಎಲ್ಲರಿಗೂ ತಿಳಿಯಲೆಂದು ಇಂಗ್ಲಿಷಿನಲ್ಲಿ.

ಇಪ್ಪತ್ತೊಂದು ಜನ ತಮ್ಮ ತಮ್ಮ ಮೇಜು ನೋಡಿಕೊಂಡರು. ಕ್ಯಾಪ್ಟನ್ ಒಂದು ಕ್ಷಣ ನನ್ನನ್ನೇ ನೋಡಿ, "ಆತು ಬಿಡ್ರಿ" ಎಂದು ಕೂತರು. ನಾನು ಆ ಮೌನವನ್ನು ಜ್ಞಾನೋದಯ ಎಂದುಕೊಂಡೆ. ಆ ದಿನ ಮಧ್ಯಾಹ್ನ ಊಟ ಎರಡು ಚಪಾತಿ ಹೆಚ್ಚೇ ಸೇರಿತು.

ಸಂಜೆ ಹಿಂಬಾಗಿಲ ಮೆಟ್ಟಿಲ ಮೇಲೆ ಮುನಿರಾಜಣ್ಣ ಲೋಟ ತೊಳೆಯುತ್ತಿದ್ದ. ಪಕ್ಕದಲ್ಲಿ ಒಂದು ತುಂಡು ದಾರಕ್ಕೆ ವಿಚಿತ್ರವಾದ ಗಂಟು ಹಾಕಿಟ್ಟಿದ್ದ. "ಮೆಣಸಿನಕಾಯಿ ಸಾಯೇಬ್ರು ಏಳ್ಕೊಟ್ರು ಸಾ. ಎಳದಷ್ಟೂ ಬಿಗಿಯಾಯ್ತದೆ, ಇಂಗ್ ತಳ್ಳುದ್ರೆ ಒಂದೇ ಸಲಕ್ಕೆ ಬಿಚ್ಕತದೆ" ಎಂದ. ನಾನು ನಗುತ್ತಾ, ನಿನ್ನ ಸಾಹೇಬರಿಗೆ ಹಗ್ಗದ ಹುಚ್ಚು, ಇವತ್ತು ಪರೀಕ್ಷೆಯಲ್ಲೂ ಅದನ್ನೇ ಬರೆದು ಕೊನೆಯವರಾದರು ಎಂದೆ. ಅವನು ಲೋಟ ಕೆಳಗಿಟ್ಟ.

"ಅವರ ಎಡಗೈ ನೋಡಿಲ್ವಾ ಸಾ ನೀವು? ಟೀ ಲೋಟ ಆ ಕೈನಾಗೆ ಇಡಿಯಕ್ಕಿಲ್ಲ. ಎರಡು ಬೆರಳು ಮಡಚಕ್ಕೇ ಆಗಲ್ಲ."

"ಯಾಕಂತೆ?"

"ವಯಸ್ನಾಗೆ ಒಂದ್ ದಪ ದೋಣಿ ಮಗುಚ್ಕತಂತೆ ಸಾ, ನಡೂ ಸಮುದ್ರದಾಗೆ. ಆರು ಜನಾನ ಒಂದೇ ಅಗ್ಗದಾಗೆ ಕಟ್ಟಿ, ತುದೀನ ಕೈಗೆ ಸುತ್ಕಂಡು, ಬೆಳಿಗ್ಗಿಂದ ಒತ್ತು ಮುಳುಗೋಗಂಟ ತೇಲ್ಕಂಡಿದ್ರಂತೆ. ಆರು ಜನಾನೂ ಉಳಕಂಡ್ರು. ಅಗ್ಗ ಇವರ ಬೆರಳಿನ ನರಾನ ಕುಯ್ದಾಕ್ಬುಡ್ತು."

"ನಿನಗೆ ಯಾರು ಹೇಳಿದ್ರು?"

"ನಾನೇ ಕೇಳ್ದೆ ಸಾ. ಬೆರಳಿಗೇನಾಯ್ತು ಸಾಯೇಬ್ರೇ ಅಂದೆ, ಏಳುದ್ರು. ನೀವು ಕೇಳ್ಳಿಲ್ವಾ?"

ಏಳು ವಾರ ಅವರ ಎದುರಿಗೆ ನಿಂತು, ಕೇಳಿಸಿಕೊಳ್ಳುವುದು ನಾಯಕನ ಮೊದಲ ಗುಣ ಎಂದು ಮೂರು ಬಣ್ಣದಲ್ಲಿ ಬರೆದು ತೋರಿಸಿದವನು ನಾನು. ಒಂದು ಸಲವೂ ಕೇಳಿರಲಿಲ್ಲ. ಭೂಮಿ ಬಾಯಿ ಬಿಟ್ಟಿದ್ದರೆ ಇಳಿದುಹೋಗುತ್ತಿದ್ದೆ, ಆದರೆ ಅದು ಮುನಿರಾಜಣ್ಣನ ಭೂಮಿ, ನನಗೇಕೆ ಬಾಯಿ ಬಿಟ್ಟೀತು?

ವಿಷಯ ಇಷ್ಟಕ್ಕೇ ನಿಂತಿದ್ದರೆ ನಾಚಿಕೆಪಟ್ಟು ಮರೆಯಬಹುದಿತ್ತು. ನಿಲ್ಲಲಿಲ್ಲ. ನಮ್ಮ ನಿರ್ದೇಶಕರದೊಂದು ನಿಯಮವಿತ್ತು: ಪ್ರತಿ ವಿಷಯದಲ್ಲೂ ತಂಡದ ಕೊನೆಯ ಇಬ್ಬರಿಗೆ 'ಡಿ' ಕೊಡಲೇಬೇಕು. ಎಲ್ಲರೂ ಚೆನ್ನಾಗಿ ಮಾಡಿದರೆ ಸಂಸ್ಥೆಯ ಮಟ್ಟ ಸಾಲದು ಎಂದಾಗುತ್ತದಂತೆ. ಆ ಅಕ್ಷರ ಮೊಹರು ಮಾಡಿದ ಲಕೋಟೆಯಲ್ಲಿ ನೌಕಾಪಡೆಯ ಕೇಂದ್ರ ಕಚೇರಿಗೆ ಹೋಗಿ, ಅಧಿಕಾರಿಯ ಗುಪ್ತ ಕಡತ ಸೇರುತ್ತಿತ್ತು. ಬಡ್ತಿಯ ಸಮಿತಿ ಅದನ್ನು ಬಿಚ್ಚಿ ನೋಡುತ್ತಿತ್ತು. ಕ್ಯಾಪ್ಟನ್ ಮೆಣಸಿನಕಾಯಿಯವರಿಗೆ ಆ ವರ್ಷದ್ದೇ ಕೊನೆಯ ಅವಕಾಶ. ಸಿಗದಿದ್ದರೆ ಅಲ್ಲಿಗೆ ಮುಗಿಯಿತು. 'ವಿಪತ್ತಿನಲ್ಲಿ ನಿರ್ಧಾರ ಕೈಗೊಳ್ಳುವ ಸಾಮರ್ಥ್ಯ: ಡಿ' ಎಂದು ಬರೆಯಬೇಕಾದವನು ನಾನು.

ಸೋಮವಾರ ನಿರ್ದೇಶಕರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

"ನೋಡ್ರೀ, ಅವರು ಆರು ಜನರನ್ನ ಉಳಿಸಿದ್ದು ಸಂತೋಷ. ಆದ್ರೆ ಅದು ಸಿಲಬಸ್ಸಿನಲ್ಲಿಲ್ಲ."

"ಸರ್, ಅವರ ಉತ್ತರ ಸರಿ. ನಮ್ಮ ಪಟ್ಟಿ ತಪ್ಪು."

"ಪಟ್ಟಿ ತಪ್ಪು ಅಂತ ಒಪ್ಕೊಂಡ್ರೆ ಐದು ವರ್ಷದಿಂದ ಕೊಟ್ಟ ಸರ್ಟಿಫಿಕೇಟೆಲ್ಲ ತಪ್ಪಾಗುತ್ತಲ್ರೀ?" ಎಂದು ಕನ್ನಡಕ ಏರಿಸಿಕೊಂಡರು. ಆಮೇಲೆ ಬಹಳ ಮೃದುವಾಗಿ, "ನಿಮಗೆ ಅಷ್ಟೊಂದು ಅನ್ನಿಸಿದ್ರೆ ಬೇರೆ ಗ್ರೇಡ್ ಕೊಟ್ಟು, ಕಾರಣ ಬರೆದು ಸಹಿ ಮಾಡಿ. ನಾನು ತಡೆಯಲ್ಲ, ಲಕೋಟೆಯಲ್ಲಿ ಇಟ್ಟು ಕಳಿಸ್ತೀನಿ. ಶುಕ್ರವಾರ ಕೊನೆ ದಿನ. ನಿಮ್ಮ ಕೆಲಸ ಕಾಯಂ ಮಾಡೋ ಫೈಲೂ ಶುಕ್ರವಾರವೇ ನನ್ನ ಮುಂದೆ ಬರುತ್ತೆ, ಜ್ಞಾಪಕವಿರಲಿ" ಎಂದರು.

ಜ್ಞಾಪಕವಿಲ್ಲದೆ ಏನು! ಎರಡು ವರ್ಷದಿಂದ ಆ ಫೈಲಿನ ಜಪದಲ್ಲೇ ಬದುಕಿದ್ದೆ. ತಿಪಟೂರಿನಲ್ಲಿ ಶಾರದೆಯನ್ನು ನೋಡಿ ಒಪ್ಪಿ ಬಂದಾಗಿತ್ತು. ಅವಳ ಅಪ್ಪ ಹೈಸ್ಕೂಲಿನ ಹೆಡ್‌ಮಾಸ್ತರು, ಎಲ್ಲದಕ್ಕೂ ಒಂದು ಕ್ರಮ ಇರಬೇಕೆನ್ನುವವರು. "ಮೊದ್ಲು ಕೆಲ್ಸ ಕಾಯಂ ಆಗ್ಲಿ, ಆಮೇಲೆ ಮುಹೂರ್ತ" ಎಂದು ಹಿಂದಿನ ವಾರವಷ್ಟೇ ಕಡ್ಡಿ ಮುರಿದ ಹಾಗೆ ಹೇಳಿ ಕಳಿಸಿದ್ದರು. ಕಾಯಂ ಆಗದಿದ್ದರೆ ಹುಡುಗಿ ಕೈತಪ್ಪುತ್ತದೆ, ಕೆಲಸವೂ ಹೋಗುತ್ತದೆ. ಈಗ ನೀವೇ ಹೇಳಿ, ನನ್ನ ಜಾಗದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ?

ಬುಧವಾರ ಕ್ಯಾಪ್ಟನ್ ಅವರನ್ನೇ ಹುಡುಕಿಕೊಂಡು ಹೋದೆ. ಕಾಂಪೌಂಡಿನ ಹಿಂದೆ, ಮುನಿರಾಜಣ್ಣ ಹಟಮಾಡಿ ಉಳಿಸಿಕೊಂಡಿದ್ದ ನಾಲ್ಕು ಸಾಲು ಅವರೆ ಗಿಡದ ಹತ್ತಿರ ನಿಂತಿದ್ದರು. ಊಹೆ ಎಂದದ್ದಕ್ಕೆ ಕ್ಷಮೆ ಕೇಳಿದೆ. ಅವತ್ತು ಕ್ಲಾಸಿನಲ್ಲೇ ಯಾಕೆ ಹೇಳಲಿಲ್ಲ, ನಿಮ್ಮ ಗೆಳೆಯರಾದರೂ ಹೇಳಬಹುದಿತ್ತಲ್ಲ ಎಂದೆ.

"ನಮ್ಮಾಗ ಹಂಗ ಇಲ್ರಿ. ಆ ಹೊತ್ತಿನಾಗ ಹಡಗ ಯಾರ ಕೈಯಾಗೈತಿ, ಅವನ ಮಾತು ಮಾತು. ಸಣ್ಣ ಹುಡುಗಾದ್ರೂ ಎಲ್ಲಾರ ಮುಂದ ಅವನ್ನ ಕೆಳಗ ಮಾಡಂಗಿಲ್ಲ. ಅವತ್ತು ಹಡಗ ನಿಮ್ಮ ಕೈಯಾಗಿತ್ತು."

ಗ್ರೇಡಿನ ವಿಷಯ ಹೇಳಿದೆ. ಶುಕ್ರವಾರ ಎಂದೆ. ನನ್ನ ಫೈಲಿನ ವಿಷಯವನ್ನೂ ಹೇಳಿದೆ, ಮದುವೆಯ ವಿಷಯವನ್ನೂ. ಯಾಕೆ ಹೇಳಿದೆ ಅಂತೀರಾ? ಅವರೇ "ಹೋಗ್ಲಿ ಬಿಡ್ರಿ, ಡಿ ಕೊಡ್ರಿ" ಎಂದುಬಿಡಲಿ ಎಂದು. ಅದೊಂದು ಮಾತು ಅವರ ಬಾಯಿಂದ ಬಿದ್ದಿದ್ದರೆ ಬದುಕಿಡೀ ಅದನ್ನು ಹಿಡಿದುಕೊಂಡು ಹಾಯಾಗಿರುತ್ತಿದ್ದೆ. ಮನುಷ್ಯ ಹಡಗು ನಡೆಸಿದವರು, ನಾನು ಯಾವ ಕಡೆ ವಾಲುತ್ತಿದ್ದೇನೆಂದು ಗೊತ್ತಾಗದೇ ಇದ್ದೀತೇ?

"ನನಗ ಡಿ ಬಂದ್ರ ಬಾಳ ಕೆಟ್ಟ ಅನ್ನಸ್ತೈತ್ರಿ" ಎಂದರು ನೇರವಾಗಿ. "ಮೂವತ್ತು ವರ್ಷ ಇದರಾಗ ಕಳದೀನಿ. ಸುಳ್ಳ ಯಾಕ ಹೇಳ್ಲಿ, ಭುಜದ ಮ್ಯಾಲೆ ಇನ್ನೊಂದು ಪಟ್ಟಿ ಹಾಕ್ಕೋಬೇಕಂತ ಆಸೇನೂ ಐತಿ. ಆದ್ರ ನನ್ನ ಸಲುವಾಗಿ ನೀವು ಏನೂ ಮಾಡಬ್ಯಾಡ್ರಿ. ನಿಮಗ ಖರೇ ಏನ ಅನ್ನಸ್ತೈತಿ, ಅದನ್ನ ಬರೀರಿ."

ಇಂಥ ಮಾತಿಗೆ ಎಲ್ಲಿ ತಪ್ಪಿಸಿಕೊಳ್ಳುವುದು ಹೇಳಿ! ಆ ಎರಡು ರಾತ್ರಿ ನಿದ್ದೆ ಬರಲಿಲ್ಲ. ಶುಕ್ರವಾರ ಹನ್ನೊಂದು ಗಂಟೆಗೆ ನಿರ್ದೇಶಕರ ಕೋಣೆಗೆ ಹೋದೆ. ಅವರು ಕುರ್ಚಿ ತೋರಿಸಿದರು. ನಾನು ಪೆನ್ನು ತೆಗೆದು, ಕ್ಯಾಪ್ಟನ್ ಮೆಣಸಿನಕಾಯಿಯವರ ಹೆಸರಿನ ಮುಂದೆ 'ಡಿ' ಎಂದು ಬರೆದು ಸಹಿ ಹಾಕಿದೆ. ಕಾಫಿ ತರಿಸಿದರು. ಕುಡಿದೆ.

ಹತ್ತು ವಾರ ಮುಗಿದು ಬೀಳ್ಕೊಡುವ ದಿನ ಕ್ಯಾಪ್ಟನ್ ಎಲ್ಲರ ಕೈ ಕುಲುಕಿದ ಹಾಗೆ ನನ್ನ ಕೈಯನ್ನೂ ಕುಲುಕಿದರು. ಏನೂ ಕೇಳಲಿಲ್ಲ. ನನ್ನ ಮುಖವೇ ಉತ್ತರ ಹೇಳಿರಬೇಕು. ಮದುವೆಗೆ ಕರೀರಿ ಎಂದರು, ನಾನು ಕರೆಯಲಿಲ್ಲ. ಆ ವರ್ಷದ ಬಡ್ತಿಯ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ನನ್ನ ಡಿ ಕಾರಣದಿಂದಲೇ ಎಂದು ಯಾರೂ ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಸ್ವಲ್ಪ ಕಾಲದ ಮೇಲೆ ಮುನಿರಾಜಣ್ಣನಿಗೆ ಒಂದು ಕಾರ್ಡು ಬಂತು. ಅವನಿಗೆ ಓದು ಬಾರದು, ನಾನೇ ಓದಿ ಹೇಳಿದೆ. ನೌಕರಿ ಬಿಟ್ಟು ಊರಿಗೆ ಬಂದಿದ್ದೇನೆ, ಹೊಲ ಮಾಡಿಸುತ್ತಿದ್ದೇನೆ, ಎತ್ತು ಕಟ್ಟಲು ನಮ್ಮ ಗಂಟೇ ಒಳ್ಳೆಯದು ಎಂದು ಬರೆದಿದ್ದರು. ಕಾರ್ಡಿನಲ್ಲಿ ನನ್ನ ಹೆಸರು ಎಲ್ಲೂ ಇರಲಿಲ್ಲ.

ಇನ್ನು ನನ್ನ ಕತೆ. ನಾನು ಕಾಯಂ ಆದೆ. ಮದುವೆಯಾದೆ. ಐದಾರು ವರ್ಷದ ಮೇಲೆ ಆ ಸಂಸ್ಥೆ ಬಿಟ್ಟು ಸ್ವಂತವಾಗಿ ತರಬೇತಿ ಕೊಡಲು ಶುರುಮಾಡಿದೆ. ವೈಟ್‌ಫೀಲ್ಡಿನಲ್ಲಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಗಾಜಿನ ಕಟ್ಟಡಗಳು ಎದ್ದ ಹಾಗೆಲ್ಲ ಅಲ್ಲಿಯವರಿಗೆ ನಾಯಕತ್ವದ ಹಸಿವು ಹುಟ್ಟಿತು. ನನ್ನ ಬಳಿ ಒಂದು ಕತೆ ಇತ್ತು. ನಿಮಗೆ ಗೊತ್ತಾಗಿರಬೇಕು ಯಾವುದೆಂದು. ಹಗ್ಗ, ಆರು ಜನ, ಮಡಚದ ಬೆರಳು, "ಇದು ಸಂಶೋಧನೆ" ಎಂದ ಮೂರ್ಖ ಮಾಸ್ತರ. ಸಭೆ ಉಸಿರು ಬಿಗಿಹಿಡಿದು ಕೇಳುತ್ತಿತ್ತು. ಕೊನೆಗೆ ಆ ಮೂರ್ಖ ಮಾಸ್ತರನಿಗೆ ಬುದ್ಧಿ ಬರುತ್ತಿತ್ತು. ನಿರ್ದೇಶಕರ ಎದುರಿಗೇ ಉತ್ತರದ ಪಟ್ಟಿಯನ್ನು ಪರಪರ ಹರಿದು ಹಾಕಿ, ಕ್ಯಾಪ್ಟನ್‌ಗೆ 'ಎ' ಕೊಟ್ಟು, ಕೆಲಸ ಹೋದರೆ ಹೋಗಲಿ ಎಂದು ಎದ್ದು ಬರುತ್ತಿದ್ದ. ಹರಿಯುವ ಕಡೆ ನಿಜವಾದ ಕಾಗದ ಇಟ್ಟುಕೊಂಡಿರುತ್ತಿದ್ದೆ. ಆ ಸದ್ದಿಗೆ ಚಪ್ಪಾಳೆ ಬೀಳುತ್ತಿತ್ತು. ಮೊದಲ ಸಲ ಹೇಳಿದಾಗ ನಾಲಿಗೆ ತಡವರಿಸಿತ್ತು, ಹತ್ತನೆಯ ಸಲಕ್ಕೆ ಸರಾಗವಾಯಿತು. ಆಮೇಲೆ ನಾನೇ ನಂಬತೊಡಗಿದೆ. ನಮ್ಮ ಮನೆ ಕಟ್ಟಿದ್ದು ಆ ಕತೆಯಿಂದ ಎಂದರೂ ತಪ್ಪಿಲ್ಲ.

ಹೋದ ವಾರ ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ಇದನ್ನೇ ಹೇಳಿದೆ. ಚಪ್ಪಾಳೆಯೆಲ್ಲ ಆದ ಮೇಲೆ ಒಬ್ಬ ಹುಡುಗಿ ಎದ್ದು, "ಸರ್, ಆ ಕ್ಯಾಪ್ಟನ್ ಆಮೇಲೆ ಏನಾದ್ರು?" ಎಂದಳು. ಇಷ್ಟು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಎಲ್ಲರೂ ಮಾಸ್ತರನ ಧೈರ್ಯದ ಬಗ್ಗೆಯೇ ಕೇಳುತ್ತಿದ್ದರು. ನಾನು ಒಂದು ಕ್ಷಣವೂ ತಡಮಾಡದೆ, "ಅಡ್ಮಿರಲ್ ಆಗಿ ನಿವೃತ್ತರಾದ್ರು" ಎಂದೆ. ಮತ್ತೆ ಚಪ್ಪಾಳೆ. ನೌಕಾಪಡೆ ಕೊಡದ ಬಡ್ತಿಯನ್ನು ಮೈಕು ಹಿಡಿದು ನಾನು ಕೊಟ್ಟುಬಿಟ್ಟಿದ್ದೆ. ಅವರು ಕೊಟ್ಟ ಶಾಲು, ಹಣ್ಣಿನ ಬುಟ್ಟಿ ಹಿಡಿದು ಮನೆಗೆ ಬಂದವನಿಗೆ ಅವತ್ತಿನಿಂದ ಊಟ ರುಚಿಸುತ್ತಿಲ್ಲ. ಕ್ಲಿನಿಕ್ಕಿಗೆ ಹೋದದ್ದೂ ಅದಕ್ಕೇ. ಡಾಕ್ಟರು ಬಿ ಕಾಂಪ್ಲೆಕ್ಸ್ ಕೊರತೆ ಎಂದರು.

ಇಂಜೆಕ್ಷನ್ ಮುಗಿಸಿಕೊಂಡು ಆಟೋ ಹತ್ತಿದೆವು. ಹೊಸೂರು ರಸ್ತೆಯಲ್ಲಿ ಎಂದಿನ ಹಾಗೆ ವಾಹನಗಳು ನಿಂತಲ್ಲೇ ನಿಂತಿದ್ದವು. ತೋಳು ತಿಕ್ಕಿಕೊಳ್ಳುತ್ತಾ ಕೂತವನು ಇದ್ದಕ್ಕಿದ್ದ ಹಾಗೆ, "ಶಾರೂ, ನಾನು ಆ ಪಟ್ಟಿ ಹರಿದುಹಾಕ್ಲಿಲ್ಲ ಕಣೇ" ಎಂದೆ.

"ಯಾವ ಪಟ್ಟಿ?"

"ಆ ನೇವಿಯವರದು. ಡಿ ಕೊಟ್ಟು ಸಹಿ ಹಾಕಿ ಬಂದೆ."

ಅವಳು ನನ್ನ ಕಡೆ ತಿರುಗಿದಳು. ವರ್ಷಗಟ್ಟಲೆ ಆ ಕತೆ ಕೇಳಿದ್ದಾಳೆ. ಮಗಳಿಗೆ ಊಟ ಮಾಡಿಸುವಾಗ ಹೇಳಿದ್ದಾಳೆ, ತನ್ನ ಅಕ್ಕತಂಗಿಯರ ಮುಂದೆ ಹೆಮ್ಮೆಪಟ್ಟಿದ್ದಾಳೆ. "ಅಂದ್ರೆ, ಆ ಮನುಷ್ಯಂಗೆ ಪ್ರಮೋಷನ್ನು?" ಎಂದಳು. ಸಿಗಲಿಲ್ಲ ಎಂದೆ. ಆಮೇಲೆ, ನಿಮಗೆ ಹೇಳಿದ ಹಾಗೆಯೇ ಅವಳಿಗೂ ಹೇಳಿದೆ. ನಾನೇನು ಮಾಡಲಿ, ಕಾಯಂ ಆಗದಿದ್ದರೆ ನಿಮ್ಮಪ್ಪ ಮುಹೂರ್ತ ಇಡುತ್ತಿರಲಿಲ್ಲ, ನಿನಗೋಸ್ಕರ ತಾನೇ ಎಂದೆ.

ಆಟೋ ಒಂದಿಷ್ಟು ಮುಂದೆ ಹೋಗಿ ಮತ್ತೆ ನಿಂತಿತು. ಶಾರದೆ ರಸ್ತೆಯನ್ನೇ ನೋಡುತ್ತಾ ಕೂತಿದ್ದಳು. ಸಿಟ್ಟು ಬಂದಿದೆ, ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಅಪ್ಪ ಹಂಗಂದಾಗ ನಾನು ನಿಮ್ಗೊಂದು ಕಾಗ್ದ ಬರ್ದಿದ್ದೆ. ಕೆಲ್ಸ ಕಾಯಂ ಆಗ್ದೇ ಇದ್ರೂ ಪರವಾಗಿಲ್ಲ, ಅಪ್ಪನ್ನ ನಾನು ಒಪ್ಪಿಸ್ತೀನಿ, ನೀವು ಹೆದರ್ಕೋಬೇಡಿ ಅಂತ. ಆಫೀಸಿನ ಅಡ್ರೆಸ್ಸಿಗೇ ಹಾಕಿದ್ದೆ" ಎಂದಳು. "ಅದು ನಿಮ್ಗೆ ತಲುಪಿತ್ತಾ, ಇಲ್ವಾ?"

ತಲುಪಿತ್ತು. ಗುರುವಾರವೇ ತಲುಪಿತ್ತು. ಮಾರನೆಯ ದಿನ ನಿರ್ದೇಶಕರ ಕೋಣೆಗೆ ಹೋಗಿ ಕೂತು ಸಹಿ ಹಾಕುವಾಗ ಅದು ನನ್ನ ಜೇಬಿನಲ್ಲೇ ಇತ್ತು.